ಕಾಣದ ಗೋಲಿಗೆ ಬೆಳ್ಳಿಯ ಕಲಾಯಿ

ಮತ ಹಾಕಿ ಬಂದವರ ಎಡಗೈ ತೋರುಬೆರಳ ಮೇಲೆ ಉಳಿಯುವ ಗುರುತು ಬೆಳ್ಳಿಯದು. ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ತಯಾರಾಗಿ, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಹೋಗುತ್ತಿರುವ ಆ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಬಾಟಲಿಯಲ್ಲಿ ಇರುವಷ್ಟು ಹೊತ್ತು ಅದರ ಬೆಳ್ಳಿ ಕರಗಿದ ಅಯಾನು, ಕಣ್ಣಿಗೆ ಕಾಣದು. ಚರ್ಮದ ಮೇಲೆ ಬಿದ್ದೊಡನೆ ಬೆವರಿನ ಉಪ್ಪನ್ನು ಹಿಡಿದುಕೊಂಡು ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ತಾಗಿದಂತೆ ಅದೇ ಬೆಳ್ಳಿಯ ಸಣ್ಣ ಕಣಗಳಾಗಿ ಕಪ್ಪಿಡುತ್ತದೆ. ಸೋಪು, ಸೀಗೆಪುಡಿ, ನಿಂಬೆಹುಳಿ ಯಾವುದಕ್ಕೂ ಜಗ್ಗದೆ, ಹಳೆಯ ಚರ್ಮ ಉದುರಿ ಹೊಸದು ಬರುವವರೆಗೂ ಕೂತಿರುತ್ತದೆ.

ಇವತ್ತು ಹೇಳಹೊರಟಿರುವ ವಿಷಯಕ್ಕೂ ಕಚ್ಚಾವಸ್ತು ಇದೇ ಸಿಲ್ವರ್ ನೈಟ್ರೇಟ್. ಆದರೆ ಬೆಳ್ಳಿ ಕೂರಬೇಕಾದ ಜಾಗ ಬೆರಳಿನದಲ್ಲ, ಕೂದಲೆಳೆಯ ದಪ್ಪಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಚಿಕ್ಕದಾದ ಒಂದು ಪ್ಲಾಸ್ಟಿಕ್ ಗೋಲಿಯದು. ಚರ್ಮದಲ್ಲಿ ಉಪ್ಪಿದೆ, ಪ್ರೊಟೀನಿದೆ, ಬೆಳ್ಳಿಗೆ ಹಿಡಿತ ಸಿಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಏನೂ ಇಲ್ಲ. ಅಂಥ ನುಣುಪು ಮೈಗೆ ಬೆಳ್ಳಿಯನ್ನು ಅಂಟಿಸುವುದು ಹೇಗೆ? ಅಂಟಿತು ಎಂದು ತಿಳಿಯುವುದು ಹೇಗೆ? ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಷ್ಟದ್ದು ಎಂದು ನನಗೆ ಅನ್ನಿಸುತ್ತದೆ. ಈ ಅಂಕಣದ ಹೆಚ್ಚು ಭಾಗವನ್ನು ಅದಕ್ಕೇ ಕೊಡುತ್ತೇನೆ.

ಮೊದಲು ಗೋಲಿ. ಪ್ಯಾಕಿಂಗ್‌ಗೆ, ಗಣೇಶನ ಮಂಟಪಕ್ಕೆ ಬಳಸುವ ಥರ್ಮೊಕೋಲ್ ಇದೆಯಲ್ಲ, ಅದರ ಪ್ಲಾಸ್ಟಿಕ್‌ನ ಹೆಸರು ಪಾಲಿಸ್ಟೈರೀನ್. ಅದನ್ನು ಕಟ್ಟುವ ಇಟ್ಟಿಗೆ ಸ್ಟೈರೀನ್, ನೀರಿನಲ್ಲಿ ಹೆಚ್ಚುಕಡಿಮೆ ಕರಗದ ಎಣ್ಣೆಯಂಥ ದ್ರವ. ಅಂಗಡಿಯಿಂದ ಬರುವ ಸ್ಟೈರೀನ್ ಶೀಶೆಯಲ್ಲೇ ಗಟ್ಟಿಯಾಗದಿರಲೆಂದು ಒಂದು ತಡೆವಸ್ತುವನ್ನು ಬೆರೆಸಿರುತ್ತಾರೆ. ಕ್ಷಾರದ ನೀರಿನಿಂದ ತೊಳೆದು ಅದನ್ನು ತೆಗೆಯಬೇಕು. ಆಮೇಲೆ ನೀರು, ಸ್ಟೈರೀನ್ ಎರಡನ್ನೂ ಒಂದು ಗಾಜಿನ ಬುರುಡೆಗೆ ಹಾಕಿ, ನೈಟ್ರೋಜನ್ ಹಾಯಿಸಿ ಆಮ್ಲಜನಕವನ್ನು ಹೊರದೂಡಬೇಕು. 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ ಚಿಟಿಕೆ ಪೊಟ್ಯಾಸಿಯಂ ಪರ್‌ಸಲ್ಫೇಟ್ ಹಾಕಿ, ಇಡೀ ರಾತ್ರಿ ಒಂದೇ ವೇಗದಲ್ಲಿ ಕಲಕುತ್ತಿರಬೇಕು. ಬೆಳಿಗ್ಗೆ ನೋಡಿದರೆ ಬುರುಡೆಯಲ್ಲಿ ಹಾಲಿನಂಥ ದ್ರವ. ಪ್ರತಿ ಹನಿಯಲ್ಲೂ ಎಣಿಕೆಗೆ ಸಿಗದಷ್ಟು ಗೋಲಿಗಳು.

ಈ ಗೋಲಿಗಳೆಲ್ಲ ಒಂದೇ ಅಳತೆಗೆ ಬರುವುದು ಹೇಗೆ ಎಂಬುದು ಸುಂದರವಾದ ಸಂಗತಿ. ಬಿಸಿಯಲ್ಲಿ ಪರ್‌ಸಲ್ಫೇಟ್ ಒಡೆದು ಸ್ಟೈರೀನ್ ಅಣುಗಳನ್ನು ಒಂದಕ್ಕೊಂದು ಕೊಂಡಿ ಹಾಕಲು ಹೊರಡುತ್ತದೆ. ಹೀಗೆ ಬೆಳೆದ ಸರಪಳಿಯ ತುದಿಯಲ್ಲಿ ಒಂದು ಸಲ್ಫೇಟ್ ತುಣುಕು ಉಳಿದಿರುತ್ತದೆ. ಅದಕ್ಕೆ ಋಣ ವಿದ್ಯುದಂಶ, ನೀರೆಂದರೆ ಇಷ್ಟ. ಸರಪಳಿಯ ಉಳಿದ ಮೈಗೆ ನೀರೆಂದರೆ ಆಗದು. ಆದ್ದರಿಂದ ಸರಪಳಿಗಳು ಒಟ್ಟು ಸೇರಿ, ಎಣ್ಣೆಯ ಮೈಯನ್ನು ಒಳಗೆ ಮಡಚಿಕೊಂಡು ಸಲ್ಫೇಟ್ ತುದಿಗಳನ್ನು ಹೊರಗೆ ಚಾಚಿ ಉಂಡೆಯಾಗುತ್ತವೆ. ಉಂಡೆಗಳೆಲ್ಲ ಹುಟ್ಟುವುದು ಆರಂಭದ ಸ್ವಲ್ಪ ಹೊತ್ತಿನಲ್ಲಿ. ಆಮೇಲೆ ಹೊಸ ಉಂಡೆ ಹುಟ್ಟದೆ, ಇದ್ದವೇ ಬೆಳೆಯುತ್ತ ಹೋಗುತ್ತವೆ. ಒಂದೇ ಹದಮಳೆಗೆ ಬಿತ್ತಿದ ರಾಗಿ ಹೊಲದಲ್ಲಿ ಪೈರೆಲ್ಲ ಒಂದೇ ಎತ್ತರಕ್ಕೆ ನಿಲ್ಲುವ ಹಾಗೆ. ಇಲ್ಲಿ ಸೋಪು ಬೇಕಿಲ್ಲ. ಹೊರಗೆ ಚಾಚಿದ ಋಣ ತುದಿಗಳು ಒಂದನ್ನೊಂದು ದೂಡುತ್ತ ಗೋಲಿಗಳು ಅಂಟಿಕೊಳ್ಳದಂತೆ ಕಾಯುತ್ತವೆ. ಆ ಋಣ ತುದಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಬೆಳ್ಳಿ ಬರುವಾಗ ಬಾಗಿಲು ತೆರೆಯುವುದು ಅವೇ.

ಗೋಲಿಗಳು ಸಮನಾಗಿವೆಯೇ ಎಂದು ನೋಡಲು ಮೊದಲ ಪರೀಕ್ಷೆಗೆ ಯಂತ್ರವೇ ಬೇಡ. ಒಂದು ಹನಿಯನ್ನು ಗಾಜಿನ ಮೇಲಿಟ್ಟು ನಿಧಾನ ಒಣಗಲು ಬಿಡಿ. ಎಲ್ಲವೂ ಒಂದೇ ಗಾತ್ರದವಾದರೆ ಸಂತೆಯಲ್ಲಿ ಕಿತ್ತಳೆ ಜೋಡಿಸಿದಂತೆ ಸಾಲುಸಾಲಾಗಿ ಕೂತು, ಗಾಜನ್ನು ಓರೆ ಮಾಡಿದಾಗ ನೀಲಿ, ಹಸಿರು, ಕೆಂಪು ಮಿನುಗುತ್ತವೆ. ಗಾತ್ರ ಹೆಚ್ಚುಕಡಿಮೆ ಇದ್ದರೆ ಬರಿಯ ಬಿಳಿ ಕಲೆ. ಓಪಲ್ ಎಂಬ ರತ್ನ ಬಣ್ಣಬಣ್ಣವಾಗಿ ಮಿನುಗುವುದೂ ಇದೇ ಕಾರಣಕ್ಕೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರು ಓಪಲ್‌ನ ಬಣ್ಣಗಳಿಗೆ ಮನಸೋತು ಅವನ್ನು ಅಧ್ಯಯನ ಮಾಡಿದ್ದರು. ಕೊನೆಗೆ 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಆ ಕಲ್ಲಿನೊಳಗೆ ಒತ್ತೊತ್ತಾಗಿ ಜೋಡಿಸಿಟ್ಟ ಸಿಲಿಕಾ ಗೋಲಗಳು ಕಂಡವು.

ಸಮಗಾತ್ರದ ಗೋಲಿಗಾಗಿ ಮನುಷ್ಯ ಆಕಾಶಕ್ಕೂ ಹೋಗಿದ್ದಾನೆ. ಗೋಲಿ ಕೆಲವು ಮೈಕ್ರಾನ್ ದಾಟಿ ಬೆಳೆದರೆ ಭೂಮಿಯ ಮೇಲೆ ತೊಂದರೆ ಶುರುವಾಗುತ್ತದೆ. ಸ್ಟೈರೀನ್ ಕುಡಿದು ಉಬ್ಬಿದಾಗ ಅದು ನೀರಿಗಿಂತ ಹಗುರ, ತೇಲುತ್ತದೆ. ಪಾಲಿಮರ್ ಆಗಿ ಗಟ್ಟಿಯಾದಂತೆ ನೀರಿಗಿಂತ ಭಾರ, ಮುಳುಗುತ್ತದೆ. ಜೋರಾಗಿ ಕಲಕಿದರೆ ಗಂಟು ಕಟ್ಟುತ್ತದೆ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಜಾನ್ ವ್ಯಾಂಡರ್‌ಹಾಫ್ ಮತ್ತು ಸಂಗಡಿಗರು ಈ ಕೆಲಸವನ್ನು ಭಾರವೇ ಇಲ್ಲದ ಕಡೆಗೆ, ಬಾಹ್ಯಾಕಾಶ ನೌಕೆಗೆ ಸಾಗಿಸಿದರು. 1983ರಲ್ಲಿ ಚಾಲೆಂಜರ್ ನೌಕೆಯಲ್ಲಿ ಬೆಳೆದ 10 ಮೈಕ್ರಾನ್ ವ್ಯಾಸದ ಪಾಲಿಸ್ಟೈರೀನ್ ಗೋಲಿಗಳನ್ನು ಅಮೆರಿಕದ ಮಾನಕ ಸಂಸ್ಥೆ 1985ರಲ್ಲಿ ಅಳತೆಗೋಲಾಗಿ ಮಾರಾಟಕ್ಕಿಟ್ಟಿತು. ಬಾಹ್ಯಾಕಾಶದಲ್ಲಿ ತಯಾರಾಗಿ ಭೂಮಿಯಲ್ಲಿ ಮಾರಾಟವಾದ ಮೊದಲ ಸರಕು ಅದು. ನಮ್ಮ ಗೋಲಿ ಅದಕ್ಕಿಂತ ತೀರ ಚಿಕ್ಕದು, ಅರ್ಧ ಮೈಕ್ರಾನ್, ಅಂದರೆ 500 ನ್ಯಾನೊಮೀಟರ್ ವ್ಯಾಸ. ಈ ಗಾತ್ರಕ್ಕೆ ಆಕಾಶದ ಹಂಗು ಬೇಡ, ಕಾಲೇಜಿನ ಪ್ರಯೋಗಾಲಯ ಸಾಕು.

ಇದಕ್ಕೆ ಬೆಳ್ಳಿ ಯಾಕೆ? ಬೆಳ್ಳಿಯನ್ನು 20 ನ್ಯಾನೊಮೀಟರ್‌ನಷ್ಟು ಸಣ್ಣ ಕಣ ಮಾಡಿದರೆ ಅದರ ಗುಣವೇ ಬೇರೆ. ಆದರೆ ಅಂಥ ಕಣಗಳನ್ನು ಸುಮ್ಮನೆ ಬಿಟ್ಟರೆ ಮಳೆಗಾಲದ ಉಪ್ಪಿನಂತೆ ಗಡ್ಡೆ ಕಟ್ಟುತ್ತವೆ. ಗೋಲಿಯ ಮೈಮೇಲೆ ಒಂದೊಂದನ್ನೂ ಒಂದೊಂದು ಜಾಗದಲ್ಲಿ ಕೂರಿಸಿದರೆ ಗಡ್ಡೆಯಾಗುವ ಭಯವಿಲ್ಲ. ಕೆಲಸ ಮುಗಿದ ಮೇಲೆ ಗೋಲಿ ಸಮೇತ ಸೋಸಿ ಹಿಂದಕ್ಕೆ ಪಡೆಯಲೂಬಹುದು. ನೈಟ್ರೋಫಿನಾಲ್ ಎಂಬ ಹಳದಿ ರಾಸಾಯನಿಕವನ್ನು ಅಮೈನೋಫಿನಾಲ್ ಆಗಿ ಬದಲಿಸುವ ಕ್ರಿಯೆಗೆ ಬೆಳ್ಳಿ ಕಣ ಒಳ್ಳೆಯ ವೇಗವರ್ಧಕ. ಪ್ಯಾರಾಸಿಟಮಾಲ್ ಮಾತ್ರೆ ತಯಾರಾಗುವುದು ಆ ಅಮೈನೋಫಿನಾಲ್‌ನಿಂದಲೇ. ಲೋಹ ಬಳಿದ ಪ್ಲಾಸ್ಟಿಕ್ ಗೋಲಿಗಳು ನಿಮ್ಮ ಫೋನಿನ ಪರದೆಯ ಅಂಚಿನಲ್ಲೂ ಇರುತ್ತವೆ. ಗಾಜಿಗೂ ತಂತಿ ಪಟ್ಟಿಗೂ ನಡುವೆ ಇರುವ ಅಂಟಿನಲ್ಲಿ ಕೆಲವು ಮೈಕ್ರಾನ್ ಗಾತ್ರದ ಗೋಲಿಗಳು ಒತ್ತಿಗೆ ಚಪ್ಪಟೆಯಾಗಿ ವಿದ್ಯುತ್ತು ದಾಟಿಸುತ್ತವೆ. ಅಲ್ಲಿ ಬಳಿದಿರುವುದು ಸಾಮಾನ್ಯವಾಗಿ ನಿಕ್ಕಲ್ ಮತ್ತು ಚಿನ್ನ. ಬೆಳ್ಳಿ ಬಳಿದ ಗೋಲಿಗಳು ಬೇರೆ ವಾಹಕ ಅಂಟುಗಳಲ್ಲಿ ಬಳಕೆಯಲ್ಲಿವೆ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ಉಪಯೋಗ ರಾಮನ್ ಪರಿಣಾಮದ್ದು. 1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ರಾಮನ್ ಕಂಡುಕೊಂಡದ್ದು ಇಷ್ಟು: ವಸ್ತುವಿನ ಮೇಲೆ ಬಿದ್ದು ಚದುರುವ ಬೆಳಕಿನಲ್ಲಿ ಒಂದು ಅತಿ ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆ ಒಂದೊಂದು ಅಣುವಿಗೂ ಬೇರೆ ಬೇರೆ. ಅಂದರೆ ಅದು ಅಣುವಿನ ಹೆಬ್ಬೆರಳ ಗುರುತು. ಕಷ್ಟವೆಂದರೆ ಆ ಪಾಲು ತೀರ ಕ್ಷೀಣ, ಸುಮಾರು ಕೋಟಿ ಫೋಟಾನುಗಳಲ್ಲಿ ಒಂದು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಫ್ಲೈಶ್‌ಮನ್, ಹೆಂಡ್ರಾ, ಮೆಕ್ವಿಲ್ಲನ್ ಎಂಬ ಮೂವರು, ಒರಟು ಮಾಡಿದ ಬೆಳ್ಳಿಯ ಮೇಲೆ ಪಿರಿಡೀನ್ ಅಣುಗಳನ್ನು ಕೂರಿಸಿ ನೋಡಿದಾಗ ರಾಮನ್ ಸಂಕೇತ ಅಚ್ಚರಿಯಷ್ಟು ಜೋರಾಗಿ ಬಂತು. ಒರಟು ಮೈಯಲ್ಲಿ ಜಾಗ ಹೆಚ್ಚು, ಅಣು ಹೆಚ್ಚು ಕೂತಿವೆ ಎಂದು ಅವರು ಅರ್ಥ ಮಾಡಿಕೊಂಡರು. 1977ರಲ್ಲಿ ಬೇರೆ ಎರಡು ತಂಡಗಳು ಲೆಕ್ಕ ಹಾಕಿ, ಜಾಗ ಹೆಚ್ಚಿದ್ದಷ್ಟರಿಂದಲೇ ಇದು ಸಾಧ್ಯವಿಲ್ಲ, ಸಂಕೇತ ಲಕ್ಷಾಂತರ ಪಟ್ಟು ಏರಿದೆ ಎಂದು ತೋರಿಸಿದವು. ಬೆಳ್ಳಿಯೊಳಗಿನ ಎಲೆಕ್ಟ್ರಾನುಗಳು ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗಾಡುತ್ತವೆ. ಎರಡು ಕಣಗಳ ನಡುವಿನ ಕಿರಿದಾದ ಸಂದಿನಲ್ಲಿ ಬೆಳಕಿನ ಬಲ ಉಕ್ಕುತ್ತದೆ. ಅಲ್ಲಿ ಸಿಕ್ಕಿಕೊಂಡ ಅಣುವಿನ ಪಿಸುಮಾತೂ ಕೇಳಿಸುತ್ತದೆ. ಬೆಳ್ಳಿ ಕಣ ಹೊದ್ದ ಗೋಲಿಯೆಂದರೆ ಅಂಥ ಸಂದುಗಳ ಗೊಂಚಲು. ಹಣ್ಣಿನ ಸಿಪ್ಪೆಯ ಮೇಲಿನ ಕೀಟನಾಶಕವನ್ನೂ ಹಾಲಿಗೆ ಬೆರೆಸಿದ ಮೆಲಮೈನನ್ನೂ ಕೊಂಚವೇ ಇದ್ದಾಗಲೂ ಹಿಡಿಯಲು ಈ ದಾರಿಯಲ್ಲಿ ಪ್ರಯತ್ನಗಳು ನಡೆದಿವೆ.

ಈಗ ಬೆಳ್ಳಿ ಬಳಿಯುವ ಕೆಲಸ. ನಾನು ಚಿಕ್ಕವನಿದ್ದಾಗ ವರ್ಷಕ್ಕೊಮ್ಮೆ ಊರಿಗೆ ಕಲಾಯಿ ಹಾಕುವವರು ಬರುತ್ತಿದ್ದರು. ಮರದ ಕೆಳಗೆ ನೆಲ ತೋಡಿ ಕೆಂಡ ಮಾಡಿ, ತಿದಿ ಒತ್ತುತ್ತ, ಮನೆಮನೆಯ ತಾಮ್ರ ಹಿತ್ತಾಳೆ ಪಾತ್ರೆಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಿದ್ದರು. ನಮಗೆ ಹುಡುಗರಿಗೆ ನೋಡಬೇಕಾದದ್ದು ಕೊನೆಯ ಗಳಿಗೆ: ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಂದು ಸುತ್ತು ಉಜ್ಜಿದರೆ ಪಾತ್ರೆಯ ಒಳಗೆಲ್ಲ ಬೆಳದಿಂಗಳು. ಆದರೆ ಅವರ ಹೊತ್ತೆಲ್ಲ ಹೋಗುತ್ತಿದ್ದುದು ಅದಕ್ಕೆ ಮೊದಲು, ಮರಳು ಹಾಕಿ ತಿಕ್ಕುವುದರಲ್ಲಿ, ಕಾಯಿಸುವುದರಲ್ಲಿ, ನವಸಾಗರ ಉದುರಿಸಿ ಬಿಳಿ ಹೊಗೆ ಎಬ್ಬಿಸುವುದರಲ್ಲಿ. ನವಸಾಗರ ತಾಮ್ರದ ಮೇಲಿನ ಕಿಲುಬನ್ನು ತಿಂದುಹಾಕಿದರೆ ಮಾತ್ರ ತವರ ಕಚ್ಚಿಕೊಳ್ಳುತ್ತದೆ. ಒಂದು ಚೂರು ಕಿಲುಬು ಉಳಿದರೂ ಅಲ್ಲಿ ಕಲಾಯಿ ನಿಲ್ಲದು.

ಪ್ಲಾಸ್ಟಿಕ್ ಗೋಲಿಗೆ ಬೆಳ್ಳಿ ಬಳಿಯುವ ಹಳೆಯ, ನಂಬಿಕೆಯ ವಿಧಾನದಲ್ಲೂ ನಡುವೆ ನಿಲ್ಲುವುದು ತವರವೇ. ಸ್ಟ್ಯಾನಸ್ ಕ್ಲೋರೈಡ್ ಎಂಬ ತವರದ ಲವಣವನ್ನು ಆಮ್ಲದ ನೀರಿನಲ್ಲಿ ಕರಗಿಸಿ ಗೋಲಿಗಳನ್ನು ಅದರಲ್ಲಿ ನೆನೆಸುತ್ತಾರೆ. ಧನ ವಿದ್ಯುದಂಶದ ತವರದ ಅಯಾನುಗಳು ಗೋಲಿಯ ಋಣ ತುದಿಗಳಿಗೆ ಹೋಗಿ ಅಂಟುತ್ತವೆ. ಮೈ ಸಾಕಷ್ಟು ಋಣವಾಗಿಲ್ಲದಿದ್ದರೆ ಮೊದಲೇ ಗಂಧಕಾಮ್ಲದಲ್ಲಿ ನೆನೆಸಿ ಸಲ್ಫೋನಿಕ್ ಗುಂಪುಗಳನ್ನು ಕೂರಿಸುವುದೂ ಉಂಟು. ಆಮೇಲೆ ಹೆಚ್ಚುವರಿ ತವರವನ್ನು ತೊಳೆದು ಬೆಳ್ಳಿಯ ದ್ರಾವಣಕ್ಕೆ ಇಳಿಸಬೇಕು. ತವರಕ್ಕೆ ಎಲೆಕ್ಟ್ರಾನು ಕೊಡುವ ತವಕ, ಬೆಳ್ಳಿಗೆ ತೆಗೆದುಕೊಳ್ಳುವ ತವಕ. ತವರವಿದ್ದ ಜಾಗದಲ್ಲೇ ಬೆಳ್ಳಿಯ ಅಯಾನು ಲೋಹವಾಗಿ ಒಂದು ಸಣ್ಣ ಬೀಜ ಕೂರುತ್ತದೆ. ಬೀಜ ಕೂತ ಮೇಲೆ ಗ್ಲೂಕೋಸಿನಂಥ ಇನ್ನೊಂದು ಅಪಕರ್ಷಕ ಹಾಕಿ ನಿಧಾನ ಬೆಳೆಸಿದರಾಯಿತು. ಹೊಸ ಬೆಳ್ಳಿ ಹಳೆಯ ಬೆಳ್ಳಿಯ ಮೇಲೇ ಕೂರಲು ಇಷ್ಟಪಡುತ್ತದೆ.

ಇಲ್ಲಿ ಬಳಸುವ ಬೆಳ್ಳಿಯ ದ್ರಾವಣ ಪದವಿಪೂರ್ವ ಕಾಲೇಜಿನಲ್ಲಿ ಓದಿದವರಿಗೆಲ್ಲ ಪರಿಚಿತ, ಟಾಲೆನ್ಸ್ ಕಾರಕ. ಪ್ರನಾಳದ ಒಳಗೋಡೆಯಲ್ಲಿ ಬೆಳ್ಳಿ ಕನ್ನಡಿ ಮೂಡಿಸುವುದು ಅದೇ. ಅದರ ಬಗ್ಗೆ ಒಂದು ಮಾತನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಲೇಬೇಕು. ಅಮೋನಿಯಾ ಬೆರೆತ ಬೆಳ್ಳಿಯ ಆ ದ್ರಾವಣವನ್ನು ನಾಳೆಗಿರಲಿ ಎಂದು ಎತ್ತಿಡಬಾರದು. ಇಟ್ಟಷ್ಟೂ ಅದರಲ್ಲಿ ಮುಟ್ಟಿದರೆ ಸಿಡಿಯುವಂಥ ಬೆಳ್ಳಿಯ ಸಂಯುಕ್ತ ಕಟ್ಟಿಕೊಳ್ಳುತ್ತದೆ. ಬೇಕಾದಷ್ಟನ್ನೇ ತಯಾರಿಸಿ, ಉಳಿದದ್ದನ್ನು ಅಂದೇ ಆಮ್ಲ ಹಾಕಿ ಕೆಡಿಸಿ ವಿಲೇವಾರಿ ಮಾಡಬೇಕು.

ತವರ ಬೇಡವೆನ್ನುವವರಿಗೆ ಇನ್ನೊಂದು ಚೆಂದದ ದಾರಿಯಿದೆ. ಅಲೆ ಹೊಡೆಯುವ ಬಂಡೆಗೂ ಬಿಡದೆ ಅಂಟುವ ನೀಲಿಕಲ್ಲು ಚಿಪ್ಪುಜೀವಿಯ ಅಂಟನ್ನು ನೋಡಿ ಕಲಿತದ್ದು ಅದು. ಆ ಅಂಟಿನ ರಸಾಯನವನ್ನು ಹೋಲುವ ಡೋಪಮೈನನ್ನು ಸ್ವಲ್ಪ ಕ್ಷಾರದ ನೀರಿನಲ್ಲಿ ಬಿಟ್ಟರೆ ಎಂಥ ಮೈಗೂ ಕಂದು ಪದರವಾಗಿ ಅಂಟಿಕೊಳ್ಳುತ್ತದೆ ಎಂದು ಅಮೆರಿಕದ ಫಿಲಿಪ್ ಮೆಸ್ಸರ್‌ಸ್ಮಿತ್ ತಂಡ 2007ರಲ್ಲಿ ತೋರಿಸಿತು. ಆ ಪದರವೇ ಬೆಳ್ಳಿಯ ಅಯಾನನ್ನು ಹಿಡಿದು ತಾನೇ ಲೋಹವಾಗಿಸುತ್ತದೆ.

ಯಾವ ದಾರಿ ಹಿಡಿದರೂ ಕಾಡುವ ಕಷ್ಟ ಒಂದೇ. ಬೆಳ್ಳಿ ಗೋಲಿಯ ಮೇಲೆ ಕೂರುವ ಬದಲು ನೀರಿನಲ್ಲೇ ತನ್ನಷ್ಟಕ್ಕೆ ಹುಟ್ಟಿಬಿಡುತ್ತದೆ. ಅಪಕರ್ಷಕ ಹೆಚ್ಚಾಯಿತೋ, ಬಿಸಿ ಹೆಚ್ಚಾಯಿತೋ, ತವರ ಸರಿಯಾಗಿ ತೊಳೆದಿಲ್ಲವೋ, ದ್ರಾವಣದ ತುಂಬ ಒಂಟಿ ಬೆಳ್ಳಿ ಕಣಗಳು ಅಲೆಯುತ್ತಿರುತ್ತವೆ. ಬಣ್ಣ ನೋಡಿದರೆ ಎರಡೂ ಹಳದಿ, ಎರಡೂ ಕಂದು. ಹೊರಗಿನಿಂದ ನೋಡುವವರಿಗೆ ಪ್ರಯೋಗ ಗೆದ್ದಂತೆಯೇ ಕಾಣುತ್ತದೆ.

ಇಲ್ಲಿಂದ ಎರಡನೆಯ ಪ್ರಶ್ನೆ: ಬೆಳ್ಳಿ ಅಂಟಿದೆ ಎಂದು ಹೇಳುವವರು ಯಾರು?

ಮೊದಲ ಸಾಕ್ಷಿ ಸೆಂಟ್ರಿಫ್ಯೂಜ್. ಗರಗರ ತಿರುಗಿಸಿದಾಗ ಕಣ ತಳಕ್ಕಿಳಿಯುವ ವೇಗ, ನೀರಿಗಿಂತ ಅದು ಎಷ್ಟು ಹೆಚ್ಚು ಸಾಂದ್ರ ಎಂಬುದನ್ನೂ ವ್ಯಾಸದ ವರ್ಗವನ್ನೂ ಅನುಸರಿಸುತ್ತದೆ. ಬೆಳ್ಳಿ ನೀರಿಗಿಂತ ಹತ್ತೂವರೆ ಪಟ್ಟು ಸಾಂದ್ರ, ಪಾಲಿಸ್ಟೈರೀನ್ 1.05 ಪಟ್ಟು ಮಾತ್ರ. ಆದರೂ 20 ನ್ಯಾನೊಮೀಟರ್‌ನ ಒಂಟಿ ಬೆಳ್ಳಿ ಕಣಕ್ಕಿಂತ 500 ನ್ಯಾನೊಮೀಟರ್‌ನ ಬರಿಗೋಲಿ ಮೂರು ಪಟ್ಟು ಬೇಗ ಇಳಿಯುತ್ತದೆ. ಮೈಯ ಅರ್ಧದಷ್ಟು ಬೆಳ್ಳಿ ಹೊದ್ದ ಗೋಲಿ ಅಂದಾಜು 50 ಪಟ್ಟು ಬೇಗ. ಆದ್ದರಿಂದ ಹದವಾಗಿ ತಿರುಗಿಸಿದರೆ ಗೋಲಿಗಳು ತಳದಲ್ಲಿ, ಅಲೆಮಾರಿ ಬೆಳ್ಳಿ ಮೇಲಿನ ನೀರಿನಲ್ಲಿ. ಆ ನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಕಲಕಿ, ಮತ್ತೆ ತಿರುಗಿಸಬೇಕು. ಮೇಲಿನ ನೀರಿನಲ್ಲಿ ಹಳದಿ ಛಾಯೆ ಇರುವವರೆಗೂ ಮುಗಿಯಿತೆನ್ನುವಂತಿಲ್ಲ. ಬೇಸರದ ಕೆಲಸ ನಿಜ. ಆದರೆ ಮುಂದಿನ ಅಳತೆಗಳ ಮರ್ಯಾದೆ ಇರುವುದು ಇದರ ಮೇಲೆ.

ಎರಡನೆಯದು ಬೆಳಕು. ಬೆಳ್ಳಿಯ ಒಂಟಿ ನ್ಯಾನೊ ಕಣಗಳು 400 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ನೇರಳೆ ಬೆಳಕನ್ನು ನುಂಗುತ್ತವೆ. ಅದಕ್ಕೇ ಅವುಗಳ ನೀರು ಹಳದಿ. ಕಣಗಳು ಹತ್ತಿರ ಹತ್ತಿರ ಕೂತಾಗ ಒಂದರ ತೂಗಾಟಕ್ಕೆ ಇನ್ನೊಂದು ತೂಗುತ್ತ, ಆ ಶಿಖರ ಅಗಲವಾಗಿ ಕೆಂಪಿನ ಕಡೆಗೆ ಸರಿಯುತ್ತದೆ. ಚೂಪಾದ ಶಿಖರ 400ರಲ್ಲೇ ನಿಂತಿದ್ದರೆ ಬೆಳ್ಳಿ ಇನ್ನೂ ಅಲೆಮಾರಿಯೇ ಎಂದು ಅನುಮಾನ ಪಡಬೇಕು. ಅಗಲವಾಗಿದ್ದರೆ ಎರಡು ಅರ್ಥ ಉಂಟು. ಗೋಲಿಯ ಮೇಲೆ ಒತ್ತಾಗಿ ಕೂತಿರಬಹುದು, ಅಥವಾ ನೀರಿನಲ್ಲೇ ಗಡ್ಡೆ ಕಟ್ಟಿರಬಹುದು. ಯಾವುದೆಂದು ಬೆಳಕು ಹೇಳದು.

ಹಾಗಾದರೆ ನೋಡಿಯೇ ಬಿಡೋಣ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹತ್ತಿರ ಹೋಗುತ್ತೇವೆ. ಹಾಯ್ದುಹೋಗುವ ಎಲೆಕ್ಟ್ರಾನುಗಳ ಯಂತ್ರದಲ್ಲಿ ಚಿತ್ರ ಮನಮೋಹಕ. ಇಂಗಾಲದ ಪರಮಾಣು ಸಂಖ್ಯೆ 6, ಬೆಳ್ಳಿಯದು 47. ಆದ್ದರಿಂದ ತಿಳಿಬೂದು ಗೋಲದ ಮೇಲೆ ಕಪ್ಪು ಎಳ್ಳು ಮೆತ್ತಿದ ಎಳ್ಳುಂಡೆಯ ಹಾಗೆ ಕಾಣುತ್ತದೆ. ಈ ಚಿತ್ರದ ಎದುರು ನಂಬದೆ ಇರುವುದು ಕಷ್ಟ. ನನ್ನ ಆತಂಕ ಇರುವುದೂ ಇಲ್ಲಿಯೇ. ಈ ಚಿತ್ರಕ್ಕಾಗಿ ದ್ರಾವಣದ ಹನಿಯೊಂದನ್ನು ಜಾಲರಿಯ ಮೇಲೆ ಒಣಗಿಸಿರುತ್ತಾರೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗುವಾಗ ಪುಡಿಯೆಲ್ಲ ಅಂಚಿಗೆ ಹೋಗಿ ಉಂಗುರವಾಗುವಂತೆ, ಹನಿ ಒಣಗುವಾಗ ನೀರಿನಲ್ಲಿದ್ದ ಒಂಟಿ ಬೆಳ್ಳಿಯೂ ಸರಿದುಬಂದು ಗೋಲಿಗೆ ಒರಗಿ ಕೂರಬಹುದು. ನೀರಿನಲ್ಲಿ ಇಲ್ಲದ ನಂಟು ಒಣಗಿದ ಮೇಲೆ ಹುಟ್ಟಿಕೊಂಡಿರುತ್ತದೆ. ಚೆನ್ನಾಗಿ ತೊಳೆದ ಮೇಲೆಯೇ, ಗೋಲಿಗಳ ನಡುವಿನ ಖಾಲಿ ಜಾಗವೂ ಕಾಣುವ ಹಾಗೆ ತೆಗೆದ ಚಿತ್ರಕ್ಕೆ ಬೆಲೆ. ಆ ಖಾಲಿ ಜಾಗದಲ್ಲಿ ಎಳ್ಳು ಇಲ್ಲದಿದ್ದರೆ ಆಗ ನಂಬಬಹುದು.

ಮೇಲ್ಮೈಯನ್ನು ಸವರಿ ನೋಡುವ ಇನ್ನೊಂದು ಬಗೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬೇರೆಯೇ ಮೋಸ. ಪ್ಲಾಸ್ಟಿಕ್ ವಿದ್ಯುತ್ತು ಹರಿಸದು, ಎಲೆಕ್ಟ್ರಾನುಗಳು ಅದರ ಮೇಲೆ ಕೂಡಿಕೊಂಡು ಚಿತ್ರ ಕೆಡುತ್ತದೆ. ಅದಕ್ಕೆ ಪರಿಹಾರವಾಗಿ ಮಾದರಿಯ ಮೇಲೆ ತೆಳುವಾಗಿ ಚಿನ್ನ ಎರಚುವ ರೂಢಿ ಇದೆ. ಆ ಚಿನ್ನವೂ ಸಣ್ಣ ಸಣ್ಣ ಕಾಳಾಗಿಯೇ ಕೂರುತ್ತದೆ! ಏನೂ ಬಳಿಯದ ಬರಿಗೋಲಿಯೂ ಆಗ ಲೋಹದ ಕಾಳು ಹೊದ್ದಂತೆ ಕಾಣುತ್ತದೆ. ಬೆಳ್ಳಿ ನೋಡಲು ಹೋದವರು ಚಿನ್ನವನ್ನು ಎರಚಬಾರದು. ಎರಚಲೇಬೇಕೆಂದಿದ್ದರೆ ಇಂಗಾಲ ಎರಚಬೇಕು, ಇಲ್ಲವೇ ಕಡಿಮೆ ವೋಲ್ಟೇಜಿನಲ್ಲಿ ನೋಡಬೇಕು. ಬರಿಗೋಲಿಯ ಚಿತ್ರವನ್ನು ಅದೇ ರೀತಿ ತೆಗೆದು ಪಕ್ಕದಲ್ಲಿಟ್ಟರೆ ಓದುಗರಿಗೆ ದೊಡ್ಡ ಉಪಕಾರ.

ಎಕ್ಸ್-ಕಿರಣ ಹಾಯಿಸಿದರೆ ಬೆಳ್ಳಿ ಲೋಹವಾಗಿದೆಯೇ ಎಂದು ತಿಳಿಯುತ್ತದೆ. ತಾಮ್ರದ ಎಕ್ಸ್-ಕಿರಣಕ್ಕೆ ಬೆಳ್ಳಿಯ ಹರಳು 38.1, 44.3, 64.4, 77.4 ಡಿಗ್ರಿಗಳಲ್ಲಿ ಶಿಖರ ಕೊಡುತ್ತದೆ. ಕಣ ಸಣ್ಣದಾದಷ್ಟೂ ಶಿಖರ ಅಗಲ. 20 ನ್ಯಾನೊಮೀಟರ್ ಹರಳಿಗೆ ಮೊದಲ ಶಿಖರದ ಅಗಲ ಸುಮಾರು 0.4 ಡಿಗ್ರಿ ಬರಬೇಕು. ಸೂಕ್ಷ್ಮದರ್ಶಕದಲ್ಲಿ ಎಳ್ಳಿನ ಗಾತ್ರ 20 ಎಂದು ಕಂಡು, ಇಲ್ಲಿಯೂ 20 ಎಂದೇ ಬಂದರೆ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದಂತಾಯಿತು. 32.2 ಡಿಗ್ರಿಯಲ್ಲಿ ಒಂದು ಶಿಖರ ತಲೆಯೆತ್ತಿದ್ದರೆ ಅದು ಸಿಲ್ವರ್ ಕ್ಲೋರೈಡ್, ತವರದ ಲವಣದ ಜೊತೆ ಬಂದ ಕ್ಲೋರೈಡನ್ನು ಸರಿಯಾಗಿ ತೊಳೆದಿಲ್ಲ ಎಂದರ್ಥ. ಮತದಾರನ ಬೆರಳಿನ ಮೇಲೆ ಬೇಕಾಗಿದ್ದ ಸಂಯುಕ್ತ ಇಲ್ಲಿ ಕಲಬೆರಕೆ.

ನೀರಿನಲ್ಲಿದ್ದಂತೆಯೇ ಕಣದ ಗಾತ್ರ ಅಳೆಯುವ ಲೇಸರ್ ಯಂತ್ರವೊಂದು ಈಗ ಬಹಳಷ್ಟು ಕಾಲೇಜುಗಳಲ್ಲಿದೆ. ಗುಂಡಿ ಒತ್ತಿದರೆ ಒಂದು ಸಂಖ್ಯೆ ಬರುತ್ತದೆ. ಅದರ ದೌರ್ಬಲ್ಯ ತಿಳಿದಿರಲಿ. ಸಣ್ಣ ಕಣಗಳ ಮಟ್ಟಿಗೆ, ವ್ಯಾಸ 10 ಪಟ್ಟು ಹೆಚ್ಚಿದರೆ ಚದುರುವ ಬೆಳಕು 10 ಲಕ್ಷ ಪಟ್ಟು ಹೆಚ್ಚುತ್ತದೆ. ದೊಡ್ಡ ಗೋಲಿಗಳ ಬೆಳಕಿನ ಅಬ್ಬರದಲ್ಲಿ ಒಂಟಿ ಬೆಳ್ಳಿ ಕಣಗಳು ಎಷ್ಟೇ ಇದ್ದರೂ ಅಡಗಿಬಿಡುತ್ತವೆ. ಅಲೆಮಾರಿ ಬೆಳ್ಳಿ ಇಲ್ಲ ಎನ್ನಲು ಈ ಯಂತ್ರದ ಸಾಕ್ಷಿ ಸಲ್ಲದು. ಗೋಲಿಗಳು ಒಂದಕ್ಕೊಂದು ಅಂಟಿ ಗೊಂಚಲಾಗಿವೆಯೇ ಎಂದು ಹೇಳಲು ಮಾತ್ರ ಅದು ನಂಬಿಗಸ್ತ.

ನನ್ನ ಮೆಚ್ಚಿನ ಸಾಕ್ಷಿ ಎಲ್ಲಕ್ಕಿಂತ ಸರಳವಾದದ್ದು, ತಕ್ಕಡಿ. ತೊಳೆದು ಒಣಗಿಸಿದ ಪುಡಿಯನ್ನು ಕೆಲವು ಮಿಲಿಗ್ರಾಂ ತೂಗಿ, ನಿಧಾನ ಬಿಸಿ ಮಾಡುತ್ತ ತೂಕ ನೋಡುತ್ತಿರಬೇಕು. 450 ಡಿಗ್ರಿಯ ಸುಮಾರಿಗೆ ಪಾಲಿಸ್ಟೈರೀನ್ ಎಲ್ಲ ಸುಟ್ಟು ಆವಿಯಾಗಿರುತ್ತದೆ. ಬೆಳ್ಳಿ ಕರಗಲು 961 ಡಿಗ್ರಿ ದಾಟಬೇಕು, ಆದ್ದರಿಂದ ತಟ್ಟೆಯಲ್ಲಿ ಉಳಿದದ್ದು ಬೆಳ್ಳಿ. ಎಷ್ಟು ಉಳಿಯಬೇಕು? ಲೆಕ್ಕ ಹಾಕಿ ನೋಡೋಣ. 500 ನ್ಯಾನೊಮೀಟರ್ ಗೋಲಿಯ ಮೈಯ ವಿಸ್ತೀರ್ಣ ಸುಮಾರು 7,85,000 ಚದರ ನ್ಯಾನೊಮೀಟರ್. 20 ನ್ಯಾನೊಮೀಟರ್ ಬೆಳ್ಳಿ ಕಣವೊಂದು ಮುಚ್ಚುವುದು 314. ಅರ್ಧ ಮೈ ಮುಚ್ಚಲು 1,250 ಕಣ ಬೇಕು. ಅಷ್ಟು ಬೆಳ್ಳಿಯ ಗಾತ್ರ ಗೋಲಿಯ ಗಾತ್ರದಲ್ಲಿ ನೂರಕ್ಕೆ 8 ಪಾಲು ಮಾತ್ರ. ಆದರೆ ಬೆಳ್ಳಿ ಹತ್ತು ಪಟ್ಟು ಭಾರವಾದ್ದರಿಂದ ಒಟ್ಟು ತೂಕದಲ್ಲಿ ಅದರ ಪಾಲು ನೂರಕ್ಕೆ 44! ಚಿತ್ರದಲ್ಲಿ ಅರ್ಧ ಮೈ ಮುಚ್ಚಿದಂತೆ ಕಂಡು ತಕ್ಕಡಿಯಲ್ಲಿ ನೂರಕ್ಕೆ 10 ಮಾತ್ರ ಉಳಿದರೆ, ಚಿತ್ರಕ್ಕೆ ಆರಿಸಿಕೊಂಡ ಗೋಲಿ ಊರಿಗೊಬ್ಬಳೇ ಪದ್ಮಾವತಿ, ಉಳಿದವೆಲ್ಲ ಬಹುಪಾಲು ಬೋಳು. ಒಂದು ಗ್ರಾಂ ಬರಿಗೋಲಿಯಲ್ಲಿ ಸುಮಾರು ಹದಿನಾಲ್ಕೂವರೆ ಲಕ್ಷ ಕೋಟಿ ಗೋಲಿಗಳಿವೆ. ಸೂಕ್ಷ್ಮದರ್ಶಕ ನೋಡಿದ್ದು ಹತ್ತೋ ಇಪ್ಪತ್ತೋ. ತಕ್ಕಡಿ ಎಲ್ಲರನ್ನೂ ಒಟ್ಟಿಗೆ ಕರೆದು ಕೇಳುತ್ತದೆ.

ಹೀಗೆ ಹೇಳುವಾಗ ಗೋಲಿಯ ಮುಂದಿನ ಗತಿಯನ್ನೂ ಮರೆಯುವಂತಿಲ್ಲ. ಪಾಲಿಸ್ಟೈರೀನ್‌ನ ಈ ಗೋಲಿಗಳು ನೀರಿಗೆ ಸೇರಿದರೆ ಅವೂ ನ್ಯಾನೊ ಪ್ಲಾಸ್ಟಿಕ್ಕೇ. ಮೀನು, ಸಿಗಡಿಗಳ ಮೇಲೆ ಪ್ಲಾಸ್ಟಿಕ್ ಚೂರುಗಳ ಪರಿಣಾಮ ತಿಳಿಯಲು ಸಂಶೋಧಕರು ಬಳಸುವುದು ಇಂಥವೇ ಗೋಲಿಗಳನ್ನು. ಜೊತೆಗೆ ಬೆಳ್ಳಿಯ ಅಯಾನು ಬ್ಯಾಕ್ಟೀರಿಯಾ ಕೊಲ್ಲುವಂತೆ ನೀರಿನ ಒಳ್ಳೆಯ ಜೀವಿಗಳನ್ನೂ ಕೊಲ್ಲಬಲ್ಲದು. ಒಳಗಿನ ತಿರುಳು ಪ್ಲಾಸ್ಟಿಕ್ಕೇ ಆಗಬೇಕೆಂಬ ನಿಯಮವೇನೂ ಇಲ್ಲ. 2009ರಲ್ಲಿ ಬಂದ ಟಾಟಾ ಸ್ವಚ್ಛ್ ನೀರಿನ ಫಿಲ್ಟರಿನಲ್ಲಿ ಬೆಳ್ಳಿಯ ನ್ಯಾನೊ ಕಣಗಳನ್ನು ಹೊತ್ತದ್ದು ಭತ್ತದ ಹೊಟ್ಟಿನ ಬೂದಿ. ಪ್ರಯೋಗಾಲಯದ ಒಳಗೆ ಅಳತೆಗೆ, ಪರೀಕ್ಷೆಗೆ ಪಾಲಿಸ್ಟೈರೀನ್‌ನಷ್ಟು ವಿಧೇಯ ಗೋಲಿ ಇನ್ನೊಂದಿಲ್ಲ ನಿಜ. ಬಯಲಿಗೆ ಹೋಗುವ ಕೆಲಸಕ್ಕೆ ಮಾತ್ರ ಮಣ್ಣಿಗೆ ಮರಳುವ ತಿರುಳನ್ನು ಹುಡುಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕೊನೆಯದಾಗಿ ಒಂದು ಪರೀಕ್ಷೆ ಉಳಿದಿದೆ. ಬೆಳ್ಳಿ ಬರಿಯ ಚುಕ್ಕೆಗಳಾಗಿ ಕೂತಿದೆಯೋ, ಒಂದಕ್ಕೊಂದು ಸೇರಿ ಚಿಪ್ಪಾಗಿದೆಯೋ ಎಂದು ಅದರಲ್ಲಿ ತಿಳಿಯುತ್ತದೆ. ಒಣಗಿಸಿದ ಪುಡಿಯನ್ನು ಟೊಲುಯೀನ್‌ನಲ್ಲಿ ನೆನೆಸಿಟ್ಟರೆ, ಬೆಳ್ಳಿಯ ಸಂದುಗಳಿಂದ ಅದು ಒಳನುಗ್ಗಿ ಪಾಲಿಸ್ಟೈರೀನನ್ನು ಕರಗಿಸಿ ಹೊರಗೆ ತರುತ್ತದೆ. ನಮ್ಮ ಲೆಕ್ಕದ ಅರ್ಧ ಮೈ ಮುಚ್ಚಿದ ಗೋಲಿಯಾದರೆ ಆಧಾರ ಹೋದೊಡನೆ ಬೆಳ್ಳಿ ಕಣಗಳು ಚದುರಿ ಬೂದು ಪುಡಿಯಾಗಿ ತಳಕ್ಕಿಳಿಯುತ್ತವೆ. ಇನ್ನಷ್ಟು ಬೆಳ್ಳಿ ಬೆಳೆಸಿ ಕಣಕ್ಕೆ ಕಣ ಬೆಸೆದಿದ್ದರೆ, ಒಳಗೆ ಏನೂ ಇಲ್ಲದ ಬೆಳ್ಳಿಯ ಬುರುಡೆಗಳು ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅಲ್ಲೊಂದು ಇಲ್ಲೊಂದು ಒಡೆದದ್ದು ಕಾಣುತ್ತದೆ, ನೀರು ಕುಡಿದು ಎಸೆದ ಎಳನೀರಿನ ಬುರುಡೆಯ ಹಾಗೆ, ಒಳಗೋಡೆ ಹೊರಗೋಡೆ ಎರಡೂ ಬೆಳ್ಳಿ.